ಎಪಿ ಯುರೋಪಿಯನ್ ಹಿಸ್ಟರಿ: ಕಾಲೇಜ್ ಬೋರ್ಡ್‌ನ ಉಚಿತ ಮಾದರಿ ಉತ್ತರಗಳ ಬಗ್ಗೆ

ನ್ಯೂಜೆರ್ಸಿಯ ಹೈಸ್ಕೂಲಿನಲ್ಲಿ ಓದುತ್ತಿರುವ ನನ್ನ ಮಗಳು ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ವಿಷಯ) ಯುರೋಪಿಯನ್ ಹಿಸ್ಟರಿ ಪರೀಕ್ಷೆಗೆ ಸಿದ್ಧಳಾಗುವಾಗ ನಾವು ಹಲವು ಸಾಮಗ್ರಿಗಳನ್ನು ಬಳಸಿ ನೋಡಿದೆವು. ಅವುಗಳಲ್ಲಿ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೆರವಾದವು, ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ತನ್ನ ಎಪಿ ಸೆಂಟ್ರಲ್ ಜಾಲತಾಣದಲ್ಲಿ ಯಾರು ಬೇಕಾದರೂ ಓದುವಂತೆ ಇಟ್ಟಿರುವ ಹಿಂದಿನ ವರ್ಷಗಳ ಪ್ರಬಂಧ ಪ್ರಶ್ನೆಗಳು ಮತ್ತು ವಿದ್ಯಾರ್ಥಿಗಳು ಬರೆದ ಮಾದರಿ ಉತ್ತರಗಳು.

ಸುಮಾರು 1450ರಿಂದ ಇಂದಿನವರೆಗಿನ ಯುರೋಪನ್ನು ಒಂಬತ್ತು ಘಟಕಗಳಲ್ಲಿ ಓದಬೇಕಾದ ಈ ವಿಷಯದಲ್ಲಿ ಮಕ್ಕಳು ಇಸವಿಗಳಿಗೆ ಹೆದರುತ್ತಾರೆ. ಆದರೆ ಅಂಕ ಹೋಗುವುದು ಹೆಚ್ಚಾಗಿ ಡಿಬಿಕ್ಯೂ ಎಂದು ಕರೆಯುವ ದಾಖಲೆ ಆಧಾರಿತ ಪ್ರಬಂಧದಲ್ಲಿ. ಏಳು ದಾಖಲೆಗಳನ್ನು ಓದಿ ಒಂದು ಗಂಟೆಯಲ್ಲಿ ವಾದ ಕಟ್ಟಬೇಕಾದ ಈ ಒಂದೇ ಪ್ರಶ್ನೆಗೆ ಒಟ್ಟು ಅಂಕದ ಶೇ 25ರಷ್ಟು ಪಾಲಿದೆ.

ಮೂವತ್ತು ವರ್ಷಗಳ ಯುದ್ಧ (1618–1648) ಧರ್ಮಕ್ಕಾಗಿ ನಡೆಯಿತೇ, ಅಧಿಕಾರಕ್ಕಾಗಿಯೇ ಎಂಬ ಪ್ರಶ್ನೆಯನ್ನು ಶಾಲೆಯಲ್ಲಿ ಅಭ್ಯಾಸಕ್ಕೆ ಕೊಟ್ಟಿದ್ದರು. ಮಗಳು ಪ್ರತಿ ದಾಖಲೆ ಏನು ಹೇಳುತ್ತದೆ ಎಂಬುದನ್ನು ಅಚ್ಚುಕಟ್ಟಾಗಿ ಬರೆದಿದ್ದಳು. ಅದನ್ನು ಯಾರು, ಯಾರಿಗಾಗಿ, ಯಾವ ಉದ್ದೇಶದಿಂದ ಬರೆದರು ಎಂಬುದನ್ನು ಮುಟ್ಟಿರಲಿಲ್ಲ. ಎಪಿ ಸೆಂಟ್ರಲ್‌ನ ಮಾದರಿ ಉತ್ತರಗಳಲ್ಲಿ ಹೆಚ್ಚು ಅಂಕ ಪಡೆದದ್ದು, ಮಧ್ಯಮ, ಕಡಿಮೆ ಮೂರೂ ಇರುತ್ತವೆ. ಯಾವ ಅಂಕ ಏಕೆ ಸಿಕ್ಕಿತು, ಏಕೆ ಸಿಗಲಿಲ್ಲ ಎಂಬ ವಿವರಣೆಯೂ ಜೊತೆಗಿರುತ್ತದೆ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದ ಮೇಲೆ ಅವಳು ಅದೇ ಪ್ರಬಂಧವನ್ನು ಮತ್ತೆ ಬರೆದಳು. ಕ್ಯಾಥೊಲಿಕ್ ಕಾರ್ಡಿನಲ್ ಆಗಿದ್ದ ಫ್ರಾನ್ಸಿನ ಮುಖ್ಯಮಂತ್ರಿ ರಿಶೆಲ್ಯೂ 1631ರಲ್ಲಿ ಪ್ರಾಟೆಸ್ಟಂಟರ ಪಕ್ಷದ ಲೂಥರನ್ ಸ್ವೀಡನ್ನಿಗೆ ಹಣ ಕೊಡಲು ಒಪ್ಪಿದ್ದೇಕೆ, ಕ್ಯಾಥೊಲಿಕ್ಕರೇ ಆಗಿದ್ದ ಹ್ಯಾಬ್ಸ್‌ಬರ್ಗ್ ರಾಜಮನೆತನದ ಬಲ ಕುಗ್ಗಿಸುವುದರಲ್ಲಿ ಫ್ರಾನ್ಸಿಗೆ ಏನು ಲಾಭವಿತ್ತು ಎಂಬ ಚರ್ಚೆ ಈ ಬಾರಿ ಅವಳ ವಾದದ ನಡುಮಧ್ಯಕ್ಕೆ ಬಂತು. ಅದನ್ನು ಓದಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಬಳಸುವವರು ಒಂದು ವಿಷಯವನ್ನು ಗಮನಿಸಲೇಬೇಕು. ಡಿಬಿಕ್ಯೂಗೆ ಅಂಕ ಕೊಡುವ ನಿಯಮ 2023–24ರ ಶೈಕ್ಷಣಿಕ ವರ್ಷದಿಂದ ಬದಲಾಗಿದೆ. ದಾಖಲೆಗಳ ಬಳಕೆಗೆ ಪೂರ್ಣ ಅಂಕ ಪಡೆಯಲು ಹಿಂದೆ ಕನಿಷ್ಠ ಆರು ದಾಖಲೆಗಳು ಬೇಕಿದ್ದವು, ಈಗ ನಾಲ್ಕು ಸಾಕು. ದಾಖಲೆಯ ಉದ್ದೇಶ ಅಥವಾ ಹಿನ್ನೆಲೆಯನ್ನು ಹಿಂದೆ ಮೂರರಲ್ಲಿ ವಿವರಿಸಬೇಕಿತ್ತು, ಈಗ ಎರಡರಲ್ಲಿ. ನಾವು ದುಡ್ಡು ಕೊಟ್ಟು ತಂದ ಗೈಡ್ ಒಂದರಲ್ಲಿ ಹಳೆಯ ನಿಯಮವೇ ಅಚ್ಚಾಗಿತ್ತು. ಅದನ್ನು ನಂಬಿ ಆರೂ ದಾಖಲೆಗಳನ್ನು ತುರುಕಲು ಹೋಗಿ ಅವಳ ಪ್ರಬಂಧಗಳು ತಿಂಗಳುಗಟ್ಟಲೆ ತೆಳುವಾಗಿಯೇ ಉಳಿದವು. ಎಪಿ ಸೆಂಟ್ರಲ್‌ನಲ್ಲಿಯೂ 2023 ಮತ್ತು ಅದಕ್ಕಿಂತ ಹಿಂದಿನ ಉತ್ತರಗಳಿಗೆ ಅಂಕ ಕೊಟ್ಟಿರುವುದು ಹಳೆಯ ನಿಯಮದಂತೆ. ಆದ್ದರಿಂದ 2024ರಿಂದ ಈಚಿನವುಗಳನ್ನು ಮೊದಲು ಓದಿ, ಹಳೆಯವುಗಳನ್ನು ಪ್ರಶ್ನೆಗಳ ಅಭ್ಯಾಸಕ್ಕೆ ಮಾತ್ರ ಇಟ್ಟುಕೊಳ್ಳುವುದು ಒಳ್ಳೆಯದು.

ಶಾಲೆಯ ಶಿಕ್ಷಕರ ಮೂಲಕ ಸಿಗುವ ಎಪಿ ಕ್ಲಾಸ್‌ರೂಮ್‌ನ ಕಿರು ವಿಡಿಯೊಗಳು ಪಾಠವನ್ನು ಮೆಲುಕು ಹಾಕಲು ಸಾಕು. ಪಠ್ಯಪುಸ್ತಕವನ್ನೇ ಓದದ ಮಗುವಿಗೆ ಅವುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಪರೀಕ್ಷೆ 2025ರಿಂದ ಕಂಪ್ಯೂಟರಿನಲ್ಲಿ, ಬ್ಲೂಬುಕ್ ಆ್ಯಪ್ ಮೂಲಕ ನಡೆಯುತ್ತಿರುವುದರಿಂದ ಅಭ್ಯಾಸದ ಪ್ರಬಂಧಗಳನ್ನೂ ಟೈಪ್ ಮಾಡಿಸಿ. ನನ್ನ ಮಗಳು ಮಾರ್ಚ್‌ವರೆಗೆ ಕೈಬರಹದಲ್ಲೇ ಬರೆಯುತ್ತಿದ್ದಳು. ಟೈಪ್ ಮಾಡಲು ಕುಳಿತ ಮೊದಲ ದಿನ ಒಂದು ಗಂಟೆ ಮುಗಿದರೂ ಅವಳ ವಾದ ಐದನೆಯ ದಾಖಲೆಯನ್ನು ದಾಟಿರಲಿಲ್ಲ.