ಫ್ರಂಟ್‌ಪೇಜ್ ಕಾಲದ ಕನ್ನಡ ಜಾಲತಾಣವನ್ನು ಬದಲಿಸುವ ಮುನ್ನ ನಮ್ಮ ಕಥೆಯನ್ನೊಮ್ಮೆ ಓದಿ

ನಮ್ಮ ಊರಿನ ಸಾಹಿತ್ಯ ಸಂಘದ ಜಾಲತಾಣವನ್ನು ನಾನು ಹದಿಮೂರು ವರ್ಷ ನೋಡಿಕೊಂಡೆ. ಅದರಲ್ಲಿದ್ದ 430 ಪುಟಗಳ ಪೈಕಿ 61 ಪುಟಗಳು ಇಂದು ಎಲ್ಲಿಯೂ ಸಿಗುವುದಿಲ್ಲ. ಹಳೆಯ ತಂತ್ರಾಂಶವನ್ನು ಬಿಟ್ಟು ಹೊಸದಕ್ಕೆ ಹೋಗುವ ಅವಸರದಲ್ಲಿ ಅವುಗಳನ್ನು ಕೈಯಾರೆ ಹಾಳುಮಾಡಿಕೊಂಡವರು ನಾವೇ. ಇಂಥದೇ ತಾಣವನ್ನು ಇಂದಿಗೂ ಇಟ್ಟುಕೊಂಡಿರುವ ಸಂಘಗಳು, ಗ್ರಂಥಾಲಯಗಳು, ಸಣ್ಣ ಪತ್ರಿಕೆಗಳು ಇರುವುದನ್ನು ಬಲ್ಲೆನಾದ್ದರಿಂದ, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆದಿಡುತ್ತಿದ್ದೇನೆ.

ತಾಣ ಹುಟ್ಟಿದ್ದು 2004ರಲ್ಲಿ, ಮೈಕ್ರೋಸಾಫ್ಟಿನ ‘ಫ್ರಂಟ್‌ಪೇಜ್ 2003’ ಎಂಬ ಜಾಲಪುಟ ರಚಿಸುವ ತಂತ್ರಾಂಶದಲ್ಲಿ. ಪತ್ರ ಬೆರಳಚ್ಚು ಮಾಡಲು ಬಲ್ಲವರಿಗೆ ಜಾಲಪುಟವನ್ನೂ ಮಾಡಲು ಬರುತ್ತದೆ ಎಂಬ ಧೈರ್ಯ ಕೊಟ್ಟ ತಂತ್ರಾಂಶ ಅದು, ಆ ಋಣವನ್ನು ನಾನು ಮರೆಯುವುದಿಲ್ಲ. ಆದರೆ 2003ರ ಆವೃತ್ತಿಯೇ ಅದರ ಕೊನೆಯ ಆವೃತ್ತಿಯಾಗಿತ್ತು, ಮತ್ತು 2006ರ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಿತು. ನಮ್ಮ ಕಂಪ್ಯೂಟರಿನಲ್ಲಿ ಅದು ಎಂದಿನಂತೆ ತೆರೆದುಕೊಳ್ಳುತ್ತಿದ್ದುದರಿಂದ ನಮಗೆ ಯಾವ ಆತಂಕವೂ ಆಗಲಿಲ್ಲ. ಆ ತಂತ್ರಾಂಶದ ಒಂದು ಭಾಗ ಮಾತ್ರ ನಮ್ಮ ಮೇಜಿನ ಮೇಲಿತ್ತು, ಇನ್ನೊಂದು ಭಾಗ ನಮ್ಮ ತಾಣವನ್ನು ತನ್ನ ಯಂತ್ರಗಳಲ್ಲಿ ಇಟ್ಟುಕೊಂಡಿದ್ದ ಹೋಸ್ಟಿಂಗ್ ಸಂಸ್ಥೆಯ ಸರ್ವರಿನಲ್ಲಿತ್ತು ಎಂಬುದು ನನಗೆ ತಿಳಿದಿರಲಿಲ್ಲ. ಭೇಟಿಗಳ ಲೆಕ್ಕ ತೋರಿಸುವ ಕೌಂಟರ್, ತಾಣದೊಳಗಿನ ಹುಡುಕಾಟ, ಸದಸ್ಯತ್ವದ ಅರ್ಜಿ ನಮೂನೆ ಇವೆಲ್ಲ ‘ಸರ್ವರ್ ಎಕ್ಸ್‌ಟೆನ್ಷನ್’ ಎಂಬ ಆ ಇನ್ನೊಂದು ಭಾಗವಿದ್ದರೆ ಮಾತ್ರ ಕೆಲಸ ಮಾಡುವಂಥವು. ನಿಮ್ಮ ತಾಣದ ಫೋಲ್ಡರಿನಲ್ಲಿ ಅಡಿಗೆರೆಯಿಂದ ಆರಂಭವಾಗಿ ‘ವಿಟಿಐ’ ಎಂಬ ಅಕ್ಷರಗಳಿರುವ ಅಡಗಿದ ಫೋಲ್ಡರುಗಳು ಕಂಡರೆ ನಿಮ್ಮದೂ ಇದೇ ಸ್ಥಿತಿ ಎಂದು ತಿಳಿಯಿರಿ. ಅದು ಫ್ರಂಟ್‌ಪೇಜನ್ನು ಮೊದಲು ರೂಪಿಸಿದ, 1996ರಲ್ಲಿ ಮೈಕ್ರೋಸಾಫ್ಟಿಗೆ ಮಾರಾಟವಾದ ವರ್ಮೀರ್ ಟೆಕ್ನಾಲಜೀಸ್ ಎಂಬ ಕಂಪನಿಯ ಮೊದಲಕ್ಷರಗಳು. ಕಂಪನಿ ಹೋಗಿ ಎಷ್ಟೋ ಕಾಲವಾದರೂ ಅದರ ಹೆಸರು ನಮ್ಮ ಸಂಘದ ಕಡತಗಳಲ್ಲಿ ಉಳಿದಿತ್ತು.

ಆ ಸರ್ವರನ್ನು ನಡೆಸುತ್ತಿದ್ದ ‘ವಿಂಡೋಸ್ ಸರ್ವರ್ 2003’ ಎಂಬ ಕಾರ್ಯಾಚರಣೆ ವ್ಯವಸ್ಥೆಗೆ ಮೈಕ್ರೋಸಾಫ್ಟಿನ ಬೆಂಬಲ 2015ರ ಜುಲೈ 14ಕ್ಕೆ ಮುಗಿಯಿತು. ನಮ್ಮ ಹೋಸ್ಟಿಂಗ್ ಸಂಸ್ಥೆ ಆ ಹಳೆಯ ಯಂತ್ರಗಳನ್ನು ಮುಚ್ಚಿ, ನಮ್ಮ ತಾಣವನ್ನು ಲಿನಕ್ಸ್ ಎಂಬ ಬೇರೆ ವ್ಯವಸ್ಥೆಯ, ಆ ಎಕ್ಸ್‌ಟೆನ್ಷನ್ ಇಲ್ಲದ ಸರ್ವರಿಗೆ ಸಾಗಿಸಿತು. ಮುನ್ಸೂಚನೆಯ ಇಮೇಲ್ ಬಂದಿತ್ತಂತೆ. ಅದು ಹೋದದ್ದು ಹಿಂದಿನ ಕಾರ್ಯದರ್ಶಿಗಳ ವಿಳಾಸಕ್ಕೆ, ಅವರು ಅದನ್ನು ತೆರೆದು ನೋಡುವುದನ್ನು ಬಿಟ್ಟು ವರ್ಷಗಳಾಗಿದ್ದವು. ತಾಣ ಮೇಲ್ನೋಟಕ್ಕೆ ಮೊದಲಿನಂತೆಯೇ ಕಾಣುತ್ತಿತ್ತು. ಕೌಂಟರ್ ಇದ್ದ ಜಾಗ ಖಾಲಿಯಾದದ್ದನ್ನು, ಕೆಲವು ಚಿತ್ರಗಳು ಮಾಯವಾದದ್ದನ್ನು ನೋಡಿಯೂ ನಾನು ಸುಮ್ಮನಿದ್ದೆ. ಚಿತ್ರಗಳು ಹೋದದ್ದಕ್ಕೆ ಕಾರಣ ತೀರ ಸಣ್ಣದು: ವಿಂಡೋಸ್ ಸರ್ವರ್ ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರಕ್ಕೂ ಸಣ್ಣಕ್ಷರಕ್ಕೂ ಭೇದ ಮಾಡುವುದಿಲ್ಲ, ಲಿನಕ್ಸ್ ಮಾಡುತ್ತದೆ. ಅರ್ಜಿ ನಮೂನೆಯ ವಿಷಯ ಮಾತ್ರ ಸಣ್ಣದಾಗಿರಲಿಲ್ಲ. ‘ಕಳುಹಿಸಿ’ ಎಂಬ ಗುಂಡಿ ಒತ್ತಿದವರಿಗೆ ಇಂಗ್ಲಿಷಿನಲ್ಲಿ ಏನೋ ದೋಷದ ಸಂದೇಶ ಬರುತ್ತಿತ್ತು. ಅರ್ಜಿ ತಲುಪಿರಬಹುದು ಎಂದುಕೊಂಡು ಅವರು ಕಾಯುತ್ತಿದ್ದರು. ಎಂಟು ತಿಂಗಳ ನಂತರ ನಮ್ಮ ವಾರ್ಷಿಕೋತ್ಸವದಲ್ಲಿ ಒಬ್ಬ ಶಿಕ್ಷಕರು, “ಸದಸ್ಯನಾಗಲು ಮೂರು ಸಲ ಬರೆದೆ ಸ್ವಾಮಿ, ಬೇಡವಾದರೆ ಬೇಡ ಎಂದಾದರೂ ಹೇಳಬಹುದಿತ್ತು” ಎಂದಾಗ ನನಗೆ ತಲೆ ಎತ್ತಲಾಗಲಿಲ್ಲ.

ಇದಕ್ಕಿಂತ ನಾಚಿಕೆಗೇಡಿನ ಸಂಗತಿ ಆಮೇಲೆ ತಿಳಿಯಿತು. ಹಿಂದಿನ ಹನ್ನೊಂದು ವರ್ಷಗಳಲ್ಲಿ ಬಂದ ಅರ್ಜಿಗಳನ್ನೆಲ್ಲ ಫ್ರಂಟ್‌ಪೇಜ್ ‘ಪ್ರೈವೇಟ್’ ಎಂಬ ಹೆಸರಿನ ಫೋಲ್ಡರಿನೊಳಗೆ ಒಂದು ಕಡತದಲ್ಲಿ ಕೂಡಿಸಿಡುತ್ತ ಬಂದಿತ್ತು. ಆ ಫೋಲ್ಡರನ್ನು ಹೊರಗಿನವರು ನೋಡದಂತೆ ಕಾಯುತ್ತಿದ್ದದ್ದು ಹಳೆಯ ಸರ್ವರಿನ ಅನುಮತಿ ವ್ಯವಸ್ಥೆಯೇ ಹೊರತು ಫೋಲ್ಡರಿನ ಹೆಸರಲ್ಲ. ಹೊಸ ಸರ್ವರಿಗೆ ಕಡತಗಳು ಮಾತ್ರ ಬಂದವು, ಕಾವಲು ಬರಲಿಲ್ಲ. ಸದಸ್ಯರ ಹೆಸರು, ಮನೆ ವಿಳಾಸ, ದೂರವಾಣಿ ಸಂಖ್ಯೆಗಳಿದ್ದ ಆ ಕಡತ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಯಲಲ್ಲಿ ಬಿದ್ದಿತ್ತು. ಸದಸ್ಯರೊಬ್ಬರ ಮಗಳು ತಂದೆಯ ಹೆಸರನ್ನು ಗೂಗಲಿನಲ್ಲಿ ಹುಡುಕುವಾಗ ಅದು ಕಣ್ಣಿಗೆ ಬಿದ್ದು, ಅವರು ಫೋನ್ ಮಾಡಿ ತಿಳಿಸಿದರು. ಅದೇ ದಿನ ಕಡತವನ್ನು ತೆಗೆದೆ. ಅಷ್ಟರೊಳಗೆ ಯಾರು ಯಾರು ನೋಡಿದ್ದರೋ ತಿಳಿಯುವ ದಾರಿಯಿರಲಿಲ್ಲ. ಹಳೆಯ ತಾಣ ಸಾಗಿಸಿದವರು ಬೇರೇನನ್ನೂ ನೋಡದಿದ್ದರೂ ಈ ಫೋಲ್ಡರನ್ನು ಇಂದೇ ತೆರೆದು ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಇಷ್ಟಾದ ಮೇಲೆ ಎಲ್ಲವನ್ನೂ ಹೊಸದಾಗಿ ಮಾಡಿಸೋಣ ಎಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿತು. ಪುಟಗಳು ಕಳೆದುಹೋದದ್ದು ಈ ಹಂತದಲ್ಲಿ. ನಮ್ಮ ಪುಟಗಳೆಲ್ಲ ಕನ್ನಡ ಬೆರಳಚ್ಚಿನ ‘ನುಡಿ’ ತಂತ್ರಾಂಶದ ಆಸ್ಕಿ ಅಕ್ಷರವಿನ್ಯಾಸದಲ್ಲಿ, ಅಂದರೆ ಫಾಂಟಿನಲ್ಲಿ, ಇದ್ದವು. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯುನಿಕೋಡ್ ಬಳಕೆಗೆ ಬರುವ ಮುಂಚಿನ ಈ ಏರ್ಪಾಟಿನಲ್ಲಿ ಕಡತದೊಳಗೆ ಕನ್ನಡ ಇರುವುದೇ ಇಲ್ಲ. ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಗುರುತುಗಳು. ಅಕ್ಷರವಿನ್ಯಾಸ ಆ ಗುರುತುಗಳಿಗೆ ಕನ್ನಡದ ವೇಷ ತೊಡಿಸುತ್ತದೆ, ಅಷ್ಟೆ. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಮಾತ್ರ ಓದಬಲ್ಲ ‘ಇಓಟಿ’ ಫಾಂಟ್ ಕಡತವೊಂದನ್ನು ನಾವು ತಾಣಕ್ಕೆ ಅಂಟಿಸಿದ್ದರಿಂದ ಆ ಬ್ರೌಸರಿನಲ್ಲಿ ಪುಟಗಳು ಚೆನ್ನಾಗಿ ಕಾಣುತ್ತಿದ್ದವು. ಬೇರೆ ಬ್ರೌಸರುಗಳಲ್ಲಿ, ಮೊಬೈಲುಗಳಲ್ಲಿ ಅರ್ಥವಿಲ್ಲದ ಗುರುತುಗಳ ರಾಶಿ ಕಾಣುತ್ತಿತ್ತು. ಕನ್ನಡದಲ್ಲಿ ಹುಡುಕಿದವರಿಗೆ ನಮ್ಮ ಒಂದು ಲೇಖನವೂ ಸಿಗುತ್ತಿರಲಿಲ್ಲ.

ಕೆಲಸ ವಹಿಸಿಕೊಂಡ ಯುವಕ ಬುದ್ಧಿವಂತನೇ, ಆದರೆ ಅವನು ಹುಟ್ಟಿ ಬೆಳೆದದ್ದು ಯುನಿಕೋಡ್ ಕಾಲದಲ್ಲಿ. ಎಲ್ಲ ಪುಟಗಳೂ ಯುನಿಕೋಡನ್ನು ಕಡತದಲ್ಲಿ ಬರೆದಿಡುವ ಯುಟಿಎಫ್–8 ಸಂಕೇತದಲ್ಲಿರಬೇಕು ಎಂದು ಸರಿಯಾಗಿಯೇ ಯೋಚಿಸಿ, ಸರ್ವರಿನಲ್ಲಿದ್ದ ಅಷ್ಟೂ ಪುಟಗಳನ್ನು ಒಟ್ಟಿಗೆ ಯುಟಿಎಫ್–8 ಎಂದು ತೆರೆದು, ಹಾಗೆಯೇ ಉಳಿಸುವಂತೆ ಒಂದು ಪುಟ್ಟ ಪ್ರೋಗ್ರಾಂ ಓಡಿಸಿದ. ಅವು ಇದ್ದದ್ದು ವಿಂಡೋಸ್–1252 ಎಂಬ ಬೇರೆಯದೇ ಸಂಕೇತದಲ್ಲಿ. ಹಾಗೆ ತಪ್ಪಾಗಿ ತೆರೆದಾಗ, ತಲೆಯ ಮೇಲೆ ಗೆರೆಯಿರುವ ‘ಎ’, ಪೌಂಡ್ ಹಣದ ಗುರುತು, ಜರ್ಮನ್ ಭಾಷೆಯ ಜೋಡಿ ‘ಎಸ್’ ಮುಂತಾದವೆಲ್ಲ ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆಯೊಂದೇ ಆಗಿ ಕಾಣುತ್ತವೆ. ಕಂಡಷ್ಟಕ್ಕೆ ನಿಂತರೆ ತೊಂದರೆಯಿಲ್ಲ, ಉಳಿಸಿದ ಕ್ಷಣದಲ್ಲಿ ಅವು ಕಡತದಲ್ಲಿಯೂ ಪ್ರಶ್ನಾರ್ಥಕಗಳೇ ಆಗಿಬಿಡುತ್ತವೆ. ನುಡಿಯಲ್ಲಿ ‘ಕನ್ನಡ’ ಎಂಬ ಪದಕ್ಕೆ ಏಳು ಗುರುತುಗಳು ಬೇಕು. ಈ ಕ್ರಿಯೆ ಮುಗಿದಾಗ ಅವುಗಳಲ್ಲಿ ಉಳಿಯುವುದು ಎರಡೇ, ಇನ್ನು ಐದು ಒಂದೇ ರೂಪಕ್ಕೆ ತಿರುಗಿರುತ್ತವೆ. ಯಾವ ಪ್ರಶ್ನಾರ್ಥಕ ಮೊದಲು ಯಾವ ಗುರುತಾಗಿತ್ತು ಎಂದು ಹೇಳಬಲ್ಲ ಪರಿವರ್ತಕವನ್ನು ಇನ್ನು ಯಾರೂ ಬರೆಯಲಾರರು, ಏಕೆಂದರೆ ಆ ಮಾಹಿತಿಯೇ ಅಲ್ಲಿಲ್ಲ.

“ಬ್ಯಾಕಪ್ ಕೊಡಿ ಸರ್, ಮತ್ತೆ ಮಾಡುತ್ತೇನೆ” ಎಂದ. ನನ್ನ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿ 2009ರದು. ಆಮೇಲಿನದನ್ನು ನಾನು ನೇರವಾಗಿ ಸರ್ವರಿನಲ್ಲಿಯೇ ತಿದ್ದುತ್ತ ಬಂದಿದ್ದೆ. ಹೋಸ್ಟಿಂಗ್ ಸಂಸ್ಥೆಯ ಬ್ಯಾಕಪ್ ಏಳು ದಿನಗಳದು ಮಾತ್ರ, ಮತ್ತು ಹಾನಿ ನಮ್ಮ ಗಮನಕ್ಕೆ ಬಂದದ್ದು ಹದಿನೈದು ದಿನಗಳ ನಂತರ. ತಪ್ಪಿನಲ್ಲಿ ಆ ಹುಡುಗನದಕ್ಕಿಂತ ನನ್ನ ಪಾಲೇ ದೊಡ್ಡದು.

ಒಂದಷ್ಟನ್ನು ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮಷೀನ್ ಉಳಿಸಿಕೊಟ್ಟಿತು. ನಮಗೇ ತಿಳಿಯದಂತೆ ಅದು ನಮ್ಮ ಪುಟಗಳ ಪ್ರತಿ ತೆಗೆದಿಟ್ಟುಕೊಂಡಿತ್ತು. ಹಾಗೆ ಮರಳಿ ಪಡೆದ ಪುಟಗಳ ಮೇಲೆ ನಾನೇ ಇನ್ನೊಂದು ತಪ್ಪು ಮಾಡಿದೆ, ಈ ಸಲ ಪ್ರತಿ ಇಟ್ಟುಕೊಂಡಿದ್ದರಿಂದ ಬಚಾವಾದೆ. ಇಡೀ ಕಡತವನ್ನು ಆಸ್ಕಿಯಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಹಾಕಿದಾಗ ಅದು ಲೇಖನದ ಜೊತೆಗೆ ಪುಟದ ರಚನೆಯನ್ನು ಬ್ರೌಸರಿಗೆ ತಿಳಿಸುವ ಎಚ್‌ಟಿಎಂಎಲ್ ಟ್ಯಾಗುಗಳನ್ನೂ, ಚಿತ್ರಗಳ ಹೆಸರುಗಳನ್ನೂ, ಇಮೇಲ್ ವಿಳಾಸಗಳನ್ನೂ ನುಡಿಯ ಅಕ್ಷರಗಳೆಂದೇ ತಿಳಿದು ಅರ್ಥವಿಲ್ಲದ ಕನ್ನಡವನ್ನಾಗಿ ಮಾಡಿತು. ಪುಟದ ಯಾವ ಭಾಗಕ್ಕೆ ನುಡಿ ಫಾಂಟಿನ ಹೆಸರನ್ನು ಹಚ್ಚಲಾಗಿದೆಯೋ ಆ ಭಾಗದೊಳಗಿನ ಪಠ್ಯವನ್ನಷ್ಟೇ ಬದಲಿಸಬೇಕು. ಫ್ರಂಟ್‌ಪೇಜ್ ಪ್ರತಿ ತುಣುಕಿಗೂ ಫಾಂಟಿನ ಹೆಸರು ಬರೆದು ಪುಟವನ್ನು ಗಲೀಜು ಮಾಡುತ್ತದೆ ಎಂದು ನಾವೆಲ್ಲ ಹಿಂದೆ ಬೈದದ್ದುಂಟು, ಕೊನೆಗೆ ದಾರಿ ತೋರಿಸಿದ್ದು ಆ ಗಲೀಜೇ. ಪರಿವರ್ತನೆಯ ನಂತರವೂ ಕಣ್ಣಿಟ್ಟು ಓದಬೇಕಾಗುತ್ತದೆ. ನುಡಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ರಕಾರ ಆ ಅಕ್ಷರಕ್ಕಿಂತ ಮೊದಲು ಬರಬೇಕು. ಈ ಅದಲುಬದಲು ಸರಿಯಾಗದೆ ‘ಧರ್ಮ’, ‘ಕಾರ್ಯ’ದಂಥ ಪದಗಳು ಕೆಲವು ಕಡೆ ಕೆಟ್ಟಿದ್ದವು.

ಈಗ ಇದೇ ದಾರಿಯಲ್ಲಿರುವವರಿಗೆ ಕೆಲಸದ ಕ್ರಮವನ್ನು ಹೇಳುತ್ತೇನೆ. ಏನನ್ನೂ ಮುಟ್ಟುವ ಮೊದಲು ಸರ್ವರಿನಲ್ಲಿರುವುದನ್ನೆಲ್ಲ, ಅಡಗಿದ ಫೋಲ್ಡರುಗಳ ಸಹಿತ, ಇಳಿಸಿಕೊಂಡು ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಡಿ. ಅವುಗಳಲ್ಲಿ ಒಂದನ್ನು ಕೆಲಸ ಮಾಡುವವರ ಕೈಗೆ ಕೊಡಲೇಬೇಡಿ. ಪರಿವರ್ತನೆಯನ್ನು ಹತ್ತು ಪುಟಗಳ ಮೇಲೆ ಮಾಡಿಸಿ, ಕನ್ನಡ ಚೆನ್ನಾಗಿ ಬಲ್ಲವರೊಬ್ಬರಿಂದ ಓದಿಸಿ, ಆಮೇಲೆ ಮುಂದುವರಿಯಿರಿ. ಡೊಮೇನ್ (ತಾಣದ ಹೆಸರು) ಮತ್ತು ಹೋಸ್ಟಿಂಗ್ ಖಾತೆಗಳಲ್ಲಿರುವ ಇಮೇಲ್ ವಿಳಾಸ ಈಗಿನ ಪದಾಧಿಕಾರಿಗಳದೇ ಎಂಬುದನ್ನು ನೋಡಿಕೊಳ್ಳಿ.

ಹೊಸ ತಂತ್ರಾಂಶವನ್ನು ಆರಿಸುವಾಗ, ನಾಳೆ ಇದೂ ನಿಂತರೆ ನಮ್ಮ ಬರಹವನ್ನು ಯಾವ ರೂಪದಲ್ಲಿ ಹೊರತೆಗೆಯಬಹುದು ಎಂದು ಕೇಳಿ. ಫ್ರಂಟ್‌ಪೇಜಿನ ಉತ್ತರಾಧಿಕಾರಿ ಎನಿಸಿಕೊಂಡ ಎಕ್ಸ್‌ಪ್ರೆಷನ್ ವೆಬ್ 2012ರ ಡಿಸೆಂಬರಿನಲ್ಲಿ ಉಚಿತವಾದಾಗ ನಾನು ಸಂತೋಷಪಟ್ಟಿದ್ದೆ. ಅದು ಉಚಿತವಾದದ್ದೇ ಅದರ ಬೆಳವಣಿಗೆ ನಿಂತದ್ದರಿಂದ ಎಂದು ಆಮೇಲೆ ತಿಳಿಯಿತು. ಜಾಲತಾಣ ರಚಿಸುವ ಇನ್ನೊಂದು ತಂತ್ರಾಂಶವಾದ ಅಡೋಬಿಯವರ ಮ್ಯೂಸ್ ಕೂಡ 2018ರಲ್ಲಿ ನಿಲುಗಡೆಯ ಘೋಷಣೆ ಕಂಡು, 2020ರ ಮಾರ್ಚಿಗೆ ಬೆಂಬಲ ಕಳೆದುಕೊಂಡಿತು. ನಾವಂತೂ ಈಗ ಸರಳವಾದ ಎಚ್‌ಟಿಎಂಎಲ್ ಪುಟಗಳನ್ನು ಯುನಿಕೋಡಿನಲ್ಲಿ ಬರೆದು ಇಡುತ್ತಿದ್ದೇವೆ. ಅಂದವೇನೂ ಇಲ್ಲ, ಆದರೆ ಯಾವ ಸಂಪಾದಕದಲ್ಲಾದರೂ ತೆರೆಯುತ್ತವೆ.

ಕಳೆದುಹೋದ 61 ಪುಟಗಳಲ್ಲಿ ಹೆಚ್ಚಿನವು 2010ರಿಂದ 2014ರವರೆಗಿನ ತಿಂಗಳ ಉಪನ್ಯಾಸಗಳ ಬರಹರೂಪಗಳು. ಅವುಗಳಲ್ಲಿ ನಾಲ್ಕು ಉಪನ್ಯಾಸಗಳನ್ನು ಕೊಟ್ಟವರು ಈಗ ನಮ್ಮೊಂದಿಗಿಲ್ಲ. ಪರಿವಿಡಿಯ ಪುಟ ಮಾತ್ರ ವೇಬ್ಯಾಕಿನಲ್ಲಿ ಸಿಕ್ಕಿದ್ದರಿಂದ ಶೀರ್ಷಿಕೆಗಳೂ ದಿನಾಂಕಗಳೂ ನಮ್ಮ ಬಳಿ ಇವೆ. ಅವನ್ನು ಹೊಸ ತಾಣದಲ್ಲಿ ಹಾಗೆಯೇ ಹಾಕಿ, ಮುಂದಿನ ಜಾಗವನ್ನು ಖಾಲಿ ಬಿಟ್ಟಿದ್ದೇವೆ.