ಎರಡು ಇನ್‌ಪುಟ್‌ನ ಯುಎಸ್‌ಬಿ ಸೌಂಡ್ ಕಾರ್ಡ್: ವರ್ಷಗಟ್ಟಲೆ ಮಿಕ್ಸಿಂಗ್‌ಗೆ ಬಳಸಿದ ಮೇಲೆ

ಮನೆಯಲ್ಲೇ ಹಾಡು ಮಿಕ್ಸ್ ಮಾಡೋಕೆ ಸೌಂಡ್ ಕಾರ್ಡ್ ಹುಡುಕುತ್ತಿದ್ದೀರಾ? ಮೊದಲೇ ಹೇಳಿಬಿಡುತ್ತೇನೆ, ಅದು ಮಿಕ್ಸ್ ಮಾಡುವುದಿಲ್ಲ. ಫೇಡರ್ (ಸದ್ದು ಏರಿಳಿಸುವುದು), ಈಕ್ಯೂ (ಬೇಸ್-ಟ್ರೆಬಲ್ ಸರಿಪಡಿಸುವುದು), ಕಂಪ್ರೆಸರ್ (ಜೋರು-ಮೆಲ್ಲಗಿನ ಅಂತರ ತಗ್ಗಿಸುವುದು), ರಿವರ್ಬ್ (ಮಾರ್ದನಿ ಸೇರಿಸುವುದು) ಎಲ್ಲದರ ಲೆಕ್ಕ ನಡೆಯುವುದು ಕಂಪ್ಯೂಟರಿನ ಪ್ರೊಸೆಸರ್‌ನಲ್ಲಿ. ಕೊನೆಗೆ ನೀವು ಎಕ್ಸ್‌ಪೋರ್ಟ್ ಮಾಡುವ ಫೈಲ್ ಸೌಂಡ್ ಕಾರ್ಡಿನ ಹತ್ತಿರವೂ ಸುಳಿಯುವುದಿಲ್ಲ.

ನಂಬಿಕೆ ಬರದಿದ್ದರೆ ಒಂದೇ ಪ್ರಾಜೆಕ್ಟನ್ನು ಲ್ಯಾಪ್‌ಟಾಪಿನ ಒಳಗಿನ ಕಾರ್ಡ್ ಆರಿಸಿ ಒಮ್ಮೆ, ಹೊರಗಿನದನ್ನು ಆರಿಸಿ ಇನ್ನೊಮ್ಮೆ ಎಕ್ಸ್‌ಪೋರ್ಟ್ ಮಾಡಿ. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆ ಅನ್ನುವ ಲೆಕ್ಕ) ಮಾತ್ರ ಬದಲಿಸಬೇಡಿ. ಎರಡನ್ನೂ ಎರಡು ಟ್ರ್ಯಾಕಿಗೆ ಹಾಕಿ, ಒಂದರ ಪೋಲಾರಿಟಿ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ) ಒಟ್ಟಿಗೆ ಬಿಡಿ. ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ಅಳಿಸಿಬಿಡುತ್ತವೆ. ನಾನು ಮಾಡಿದಾಗ ಮೀಟರ್ ಅಲುಗಲೇ ಇಲ್ಲ. ಕೆಲವು ಪ್ಲಗಿನ್‌ಗಳು (ಈಕ್ಯೂ, ರಿವರ್ಬ್ ಥರದ ಸಣ್ಣ ಸಾಫ್ಟ್‌ವೇರ್) ಪ್ರತಿ ಸಲ ಸ್ವಲ್ಪ ಬೇರೆ ಥರ ಓಡುತ್ತವೆ, ಅಂಥವಿದ್ದರೆ ಒಂಚೂರು ಸದ್ದು ಉಳಿಯುತ್ತದೆ. ಅದಕ್ಕೆ ಕಾರ್ಡ್ ಹೊಣೆಯಲ್ಲ.

ಮತ್ತೆ ಯಾಕೆ ಇಟ್ಟುಕೊಂಡಿದ್ದೇನೆ ಅಂದರೆ, ಕೇಳಿಸಿಕೊಳ್ಳೋಕೆ. ನನ್ನ ಲ್ಯಾಪ್‌ಟಾಪಿನ ಜ್ಯಾಕ್‌ಗೆ ಹೆಡ್‌ಫೋನ್ ಹಾಕಿ ಮೌಸ್ ಆಡಿಸಿದರೆ ಸಣ್ಣಗೆ ಕಿರ್ ಅನ್ನುತ್ತಿತ್ತು. ಹಾಡು ಜೋರಾಗಿ ಓಡುವಾಗ ಇದು ಗೊತ್ತಾಗುವುದಿಲ್ಲ. ಆದರೆ ರಿವರ್ಬಿನ ಬಾಲ ಎಲ್ಲಿ ಮುಗಿಯುತ್ತದೆ, ಹಾಡುವವರ ಉಸಿರು ಎಷ್ಟು ಬಿಡಬೇಕು ಅಂತ ನೋಡುವಾಗ ಆ ಕಿರಿಕಿರಿಯೇ ಮೇಲೆ ಬರುತ್ತದೆ. ಇನ್ನೊಂದು ಕಾಟ ಒಳಗಿನ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರಿನ ‘ಸೌಂಡ್ ಎನ್‌ಹ್ಯಾನ್ಸ್‌ಮೆಂಟ್’. ಅದು ಸುಮ್ನೆ ಬೇಸ್ ಏರಿಸಿ ಕೂತಿರುತ್ತದೆ. ಬೇಸ್ ಜಾಸ್ತಿಯಾಯ್ತು ಅಂತ ನೀವು ಮಿಕ್ಸ್‌ನಲ್ಲಿ ಇಳಿಸುತ್ತೀರಿ, ಆಮೇಲೆ ಬೇರೆ ಕಡೆ ಕೇಳಿದರೆ ಹಾಡು ತೆಳ್ಳಗೆ. ಕಾರ್ಡ್ ಫೈಲನ್ನು ಮುಟ್ಟದಿದ್ದರೂ ನಿಮ್ಮ ತೀರ್ಮಾನವನ್ನು ಮುಟ್ಟುತ್ತದೆ, ಅಲ್ವಾ? ಹೊರಗಿನ ಕಾರ್ಡ್ ಬಂದ ಮೇಲೆ ನನಗೆ ಈ ಎರಡೂ ತಪ್ಪಿದವು. ನಾನು ಕೊಟ್ಟ ದುಡ್ಡಿಗೆ ಅಷ್ಟೇ ಸಾಕು.

ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು, ಅದರ ಬಗ್ಗೆ ಜನ ಅನಾವಶ್ಯಕವಾಗಿ ತಲೆ ಕೆಡಿಸಿಕೊಳ್ಳುತ್ತಾರೆ. 48 ಕಿಲೋಹರ್ಟ್ಜ್‌ನಲ್ಲಿ 64 ಸ್ಯಾಂಪಲ್ ಅಂದರೆ ಸುಮಾರು 1.3 ಮಿಲಿಸೆಕೆಂಡ್, 1024 ಅಂದರೆ ಸುಮಾರು 21. ಹಾಡುವವರು ತಮ್ಮ ದನಿಯನ್ನು ಸಾಫ್ಟ್‌ವೇರ್ ಮೂಲಕ ಕೇಳಿಕೊಂಡು ರೆಕಾರ್ಡ್ ಮಾಡುವಾಗ ಕಡಿಮೆ ಬೇಕು. ಮಿಕ್ಸಿಂಗ್‌ನಲ್ಲಿ ಪ್ಲೇ ಒತ್ತಿದ ಮೇಲೆ ಹಾಡು 21 ಮಿಲಿಸೆಕೆಂಡ್ ತಡವಾಗಿ ಶುರುವಾದರೆ ಯಾರಿಗೂ ತಿಳಿಯುವುದಿಲ್ಲ. ನಾನು 1024ಕ್ಕೇ ಇಟ್ಟಿರುತ್ತೇನೆ. ಲೆಕ್ಕ ಮಾಡೋಕೆ ಪ್ರೊಸೆಸರಿಗೆ ಸಮಯ ಸಿಗುವುದರಿಂದ ಪ್ಲಗಿನ್ ಎಷ್ಟೇ ಇದ್ದರೂ ಚಟಪಟ ಸದ್ದು ಬರುವುದು ಅಪರೂಪ.

ಡಬ್ಬದ ಮೇಲಿನ ‘192 ಕಿಲೋಹರ್ಟ್ಜ್’ ಸ್ಯಾಂಪಲ್ ರೇಟ್‌ಗೆ ಮರುಳಾಗಬೇಡಿ. ನಾನಂತೂ ಒಮ್ಮೆಯೂ ಬಳಸಿಲ್ಲ. 24 ಬಿಟ್ ಮಾತ್ರ ರೆಕಾರ್ಡಿಂಗ್‌ನಲ್ಲಿ ನಿಜಕ್ಕೂ ಉಪಯೋಗ. ಲೆಕ್ಕದ ಪ್ರಕಾರ 16 ಬಿಟ್‌ಗೆ ಸುಮಾರು 96 ಡೆಸಿಬಲ್ ವ್ಯಾಪ್ತಿ (ತೀರಾ ಮೆಲ್ಲಗಿನ ಸದ್ದಿಗೂ ತೀರಾ ಜೋರಿನದಕ್ಕೂ ಇರುವ ಅಂತರ), 24ಕ್ಕೆ ಸುಮಾರು 144. ಹಾಗಾಗಿ ಮೈಕ್ ಗೇನ್ (ಮೈಕಿನ ಸದ್ದು ಏರಿಸುವ ಮಟ್ಟ) ಸ್ವಲ್ಪ ತಗ್ಗಿಸಿಯೇ ನಿರಾಳವಾಗಿ ರೆಕಾರ್ಡ್ ಮಾಡಬಹುದು.

ಈಗ ದೂರು. ಹೆಡ್‌ಫೋನ್ ವಾಲ್ಯೂಮ್ ನಾಬ್ ತೀರಾ ಕೆಳಗಿದ್ದರೆ ಎಡಗಡೆ ಜಾಸ್ತಿ, ಬಲಗಡೆ ಕಮ್ಮಿ. ರಾತ್ರಿ ಮೆಲ್ಲಗೆ ಇಟ್ಟುಕೊಂಡು ಕೆಲಸ ಮಾಡುವಾಗ, ಸರಿಯಾಗಿ ಮಧ್ಯದಲ್ಲಿಟ್ಟ ಗಾಯನ ಎಡಕ್ಕೆ ವಾಲಿದಂತೆ ಕೇಳಿಸುತ್ತದೆ. ಹೆಡ್‌ಫೋನ್ ತಿರುಗಿಸಿ ಹಾಕಿಕೊಂಡರೆ ಬಲಕ್ಕೆ ವಾಲುತ್ತದೆ, ಅಂದರೆ ಕಿವಿಯದಲ್ಲ. ನಾಬ್ ಮೇಲಿಟ್ಟರೆ ಸರಿಹೋಗುತ್ತದೆ, ಹಾಗಾಗಿ ಹೆಡ್‌ಫೋನಿನದೂ ಅಲ್ಲ, ನಾಬಿನದೇ ತೊಂದರೆ. ಅಗ್ಗದ ಅನಲಾಗ್ ನಾಬ್‌ಗಳಲ್ಲಿ ಇದು ಮಾಮೂಲಿ. ನಾಬ್ ಅರ್ಧಕ್ಕಿಂತ ಮೇಲಿಟ್ಟು, ಮಾಸ್ಟರ್ ನಂತರದ ಮಾನಿಟರ್ ಫೇಡರ್‌ನಲ್ಲಿ (ಇದು ನಾವು ಕೇಳುವ ಸದ್ದನ್ನು ಮಾತ್ರ ಬದಲಿಸುತ್ತದೆ, ಫೈಲನ್ನಲ್ಲ) ಸದ್ದು ಇಳಿಸಿದರೆ ಗಾಯನ ಮಧ್ಯಕ್ಕೆ ಬರುತ್ತದೆ. ಸ್ಪೀಕರ್ ಔಟ್‌ಪುಟ್ ಬ್ಯಾಲೆನ್ಸ್ಡ್ (ದಾರಿಯಲ್ಲಿ ಸೇರುವ ಗದ್ದಲವನ್ನು ಕಳೆಯುವ ಬಗೆ) ಇದೆ. ಅದಕ್ಕೆ ಟಿಆರ್‌ಎಸ್ (ಪಿನ್ನಿನಲ್ಲಿ ಮೂರು ಭಾಗ ಇರುವ) ಕೇಬಲ್ಲೇ ಹಾಕಿ, ಹಮ್ಮಿಂಗ್ ಬರುವ ಸಾಧ್ಯತೆ ಕಮ್ಮಿ.

ಇದಕ್ಕಿಂತ ಸಿಟ್ಟು ಬರಿಸಿದ್ದು ಡ್ರೈವರ್. ವಿಂಡೋಸ್‌ನ ಒಂದು ದೊಡ್ಡ ಅಪ್‌ಡೇಟ್ ಆದ ಮೇಲೆ ಕಾರ್ಡ್ ಕಾಣಿಸುತ್ತಿತ್ತು, ಸದ್ದು ಮಾತ್ರ ಇಲ್ಲ. ಕಂಪನಿಯವರಿಂದ ಹೊಸ ಎಎಸ್ಐಒ (ವಿಂಡೋಸ್‌ನಲ್ಲಿ ಸದ್ದು ತಡವಾಗದಂತೆ ನೋಡಿಕೊಳ್ಳುವ) ಡ್ರೈವರ್ ಬರುವ ತನಕ ಕಾಯಬೇಕಾಯಿತು. ಹಾಗಾಗಿ ಕೊಳ್ಳುವ ಮುಂಚೆ ಕಂಪನಿಯ ಡೌನ್‌ಲೋಡ್ ಪುಟಕ್ಕೆ ಹೋಗಿ ಕೊನೆಯ ಡ್ರೈವರ್ ಯಾವಾಗಿನದು ಅಂತ ನೋಡಿ. ಮೈಕ್ ಬಳಸದವರು, ಒಳಗಿನ ಕಾರ್ಡಿನಲ್ಲಿ ಗದ್ದಲ ಇಲ್ಲದವರು ಎನ್‌ಹ್ಯಾನ್ಸ್‌ಮೆಂಟ್ ಆಫ್ ಮಾಡಿ ಅದರಲ್ಲೇ ಮುಂದುವರಿಯಲಿ. ಆ ದುಡ್ಡಿಗೆ ಒಳ್ಳೆಯ ಹೆಡ್‌ಫೋನ್ ಬಂದರೆ ಮಿಕ್ಸ್‌ಗೆ ಅದೇ ಜಾಸ್ತಿ ಲಾಭ.