ಒಗೆದು ಬಳಸುವ ಸೋರಿಕೆ ಒಳಉಡುಪು: ಮೂರು ವರ್ಷಗಳ ಬಳಕೆಯ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಅಡಿಕೆ ತೋಟದ ಮನೆಯಲ್ಲಿರುವ ನನಗೆ ಈಗ ಐವತ್ತಾರು ವರ್ಷ. ಮೂರು ಹೆರಿಗೆಗಳಾಗಿ, ಮುಟ್ಟೂ ನಿಂತ ಬಳಿಕ, ಕೆಮ್ಮಿದಾಗ, ಸೀನಿದಾಗ, ಹುಲ್ಲಿನ ಕಟ್ಟ ಎತ್ತಿದಾಗ ಮೂತ್ರ ಸೋರುವ ತೊಂದರೆ ಶುರುವಾಯಿತು. ಮೊದಲ ವರ್ಷ ಮುಟ್ಟಿನ ಪ್ಯಾಡಿನಲ್ಲೇ ಕಳೆದೆ. ನಿಧಾನವಾಗಿ ಬರುವ ರಕ್ತವನ್ನು ಹೀರಲೆಂದು ಮಾಡಿದ ಆ ಪ್ಯಾಡು ಒಮ್ಮೆಲೇ ನುಗ್ಗುವ ಮೂತ್ರವನ್ನು ಅಷ್ಟೇ ಬೇಗ ಒಳಗೆಳೆದುಕೊಳ್ಳಲಾರದು ಎಂಬುದು ತೊಡೆಸಂದು ಕೆಂಪಾಗಿ ಉರಿಯತೊಡಗಿದ ಮೇಲೆ ನನಗೆ ತಿಳಿಯಿತು.

ಆಮೇಲೆ ಒಂದಕ್ಕೆ 750 ರೂಪಾಯಿಯಂತೆ, ಮೂತ್ರ ಹೀರುವ, ಒಗೆದು ಬಳಸುವ ಮೂರು ಒಳಉಡುಪುಗಳನ್ನು ಆನ್‌ಲೈನಿನಲ್ಲಿ ತರಿಸಿದೆ. ಹೊರನೋಟಕ್ಕೆ ಸಾಮಾನ್ಯ ಚಡ್ಡಿಯೇ; ನಡುವೆ ಹೀರುವ ಬಟ್ಟೆಯ ಪದರಗಳು, ಅವುಗಳ ಅಡಿಯಲ್ಲಿ ನೀರು ದಾಟದ ತೆಳು ಹಾಳೆ. ಬಚ್ಚಲುಕಲ್ಲಿನ ಮೇಲೆ ಹರಡಿ ಕಾಲು ಲೋಟ ನೀರು ಸುರಿದು ನೋಡಿದಾಗ ಪೂರ್ತಿ ಹೀರಿಕೊಂಡಿತು, ಅರ್ಧ ಲೋಟಕ್ಕೆ ಅಂಚಿನಲ್ಲಿ ಜಿನುಗಿತು. ಸೀನಿಗೆ, ಕೆಮ್ಮಿಗೆ ಅಷ್ಟು ಸಾಕು. ಆದರೆ ಅವಸರ ಬಂದು ಶೌಚಾಲಯ ತಲುಪುವ ಮೊದಲೇ ಪೂರ್ತಿ ಹೋಗಿಬಿಡುವ ತೊಂದರೆಯಿರುವವರಿಗೆ ಇದು ಖಂಡಿತ ಸಾಲದು.

ಒಗೆಯುವ ವಿಧಾನದಲ್ಲಿ ನಾನೊಂದು ತಪ್ಪು ಮಾಡಿದೆ. ಮೊದಲು ತಣ್ಣೀರಿನಲ್ಲಿ ಜಾಲಿಸಿ, ಬಳಿಕ ಸಾಧಾರಣ ಸೋಪುಪುಡಿಯಲ್ಲಿ ಒಗೆಯಬೇಕು. ಬಟ್ಟೆ ಮೆದುಗೊಳಿಸುವ ಸುವಾಸನೆಯ ದ್ರವ ಹಾಕಬಾರದು. ವಾಸನೆ ಹೋಗಲೆಂದು ನಾನು ಅದನ್ನೇ ಹಾಕಿದೆ. ಅದರ ಎಣ್ಣೆಯಂಥ ಲೇಪ ಬಟ್ಟೆಗೆ ಹತ್ತಿಕೊಂಡು ನೀರು ಮೇಲೆಯೇ ಜಾರತೊಡಗಿತು. ನಾಲ್ಕಾರು ಬಾರಿ ಬರಿಯ ಸೋಪಿನಲ್ಲಿ ಒಗೆದ ಮೇಲಷ್ಟೇ ಸರಿಹೋಯಿತು.

ನಮ್ಮೂರಿನಲ್ಲಿ ಇದರ ನಿಜವಾದ ಪರೀಕ್ಷೆ ಮಳೆಗಾಲ. ಆಟಿ ತಿಂಗಳಲ್ಲಿ ಎರಡು ದಿನ ನೇತುಹಾಕಿದರೂ ನಡುವಿನ ಪದರ ಹಸಿಹಸಿಯಾಗಿಯೇ ಇರುತ್ತದೆ. ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕಿದೆ. ಹೊಗೆವಾಸನೆ ಹತ್ತಿದ್ದು ಹೋಗಲಿ, ಶಾಖಕ್ಕೆ ಒಳಗಿನ ಹಾಳೆ ಗಡುಸಾಗಿ ಸೀಳಿತು. ಮೂರರಲ್ಲಿ ಒಂದು ಹೀಗೆ ಹಾಳಾಯಿತು. ಹಾಗಾಗಿ ಜೂನಿನಿಂದ ಸೆಪ್ಟೆಂಬರಿನವರೆಗೆ, ಮತ್ತು ಮಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ, ಒಮ್ಮೆ ಬಳಸಿ ಎಸೆಯುವ ಮೂತ್ರದ ಪ್ಯಾಡನ್ನೇ ಬಳಸುತ್ತೇನೆ. ಅದರೊಳಗಿನ ಪುಡಿ ನೀರು ಕುಡಿದು ಅಂಟಿನಂತಾಗುವುದರಿಂದ ಮೈಗೆ ಹಸಿ ತಾಗುವುದು ಕಡಿಮೆ. ಅಂಗಡಿಯವರಿಗೆ ಬೇಕಾದದ್ದು ಯಾವುದೆಂದು ತಿಳಿಸುವಷ್ಟು ಮಲಯಾಳ ನನಗೆ ಬರುವುದಿಲ್ಲ. ಪಯ್ಯನ್ನೂರಿನ ಕಡೆಯ ಸೊಸೆಯೇ ತಂದುಕೊಡುತ್ತಾಳೆ. ಅದನ್ನು ಎಸೆಯುವುದೇ ತಲೆನೋವು: ಸುಟ್ಟರೆ ಪ್ಲಾಸ್ಟಿಕ್ ಹೊಗೆ, ಹೂತರೆ ಕರಗುವುದಿಲ್ಲ.

ಉಡುಪೊಂದರಿಂದಲೇ ತೃಪ್ತಿಪಟ್ಟುಕೊಂಡು ಎರಡು ವರ್ಷ ವೈದ್ಯರ ಬಳಿ ಹೋಗದೆ ಉಳಿದದ್ದಕ್ಕೆ ಈಗ ಬೇಸರವಿದೆ. ಸೋರಿಕೆ ಹೆಚ್ಚಾದೀತೆಂದು ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದೆ. ಮೂತ್ರ ಗಟ್ಟಿಯಾದರೆ ಮೂತ್ರಕೋಶ ಇನ್ನಷ್ಟು ಕೆರಳುತ್ತದೆಂದು ಗೊತ್ತಾದದ್ದು ಮಂಗಳೂರಿನ ವೈದ್ಯೆಯಿಂದ. ಅವರು ಮೂತ್ರ ಪರೀಕ್ಷೆ ಮಾಡಿಸಿ, ಸೋಂಕಿಲ್ಲವೆಂದು ಖಚಿತಪಡಿಸಿಕೊಂಡು, ಫಿಸಿಯೋಥೆರಪಿಗೆ ಕಳುಹಿಸಿದರು. ಅಮೆರಿಕದ ವೈದ್ಯ ಕೆಗಲ್ 1948ರಲ್ಲಿ ಬರೆದು ತಿಳಿಸಿದ ವ್ಯಾಯಾಮವೇ ಅದು: ಮೂತ್ರವನ್ನೂ ಗಾಳಿಯನ್ನೂ ತಡೆಯುವಾಗ ಬಿಗಿಯಾಗುವ ಕೆಳಗಿನ ಸ್ನಾಯುಗಳನ್ನು ಒಳಕ್ಕೂ ಮೇಲಕ್ಕೂ ಎಳೆದು ಬಿಡುವುದು, ಒಂದು ಹೊತ್ತಿಗೆ ಎಂಟು ಸಲ, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು. ಮನೆಯಲ್ಲಿ ನಾನೇ ಮಾಡುತ್ತಿದ್ದಾಗ ಹೊಟ್ಟೆಯನ್ನು ಕೆಳಕ್ಕೆ ತಳ್ಳುತ್ತಿದ್ದೆ, ಅಂದರೆ ನೇರ ತಿರುಗುಮುರುಗು. ಸೀನು ಬರುವ ಸೂಚನೆ ಸಿಕ್ಕೊಡನೆ ಬಿಗಿಹಿಡಿಯುವುದನ್ನೂ ಫಿಸಿಯೋಥೆರಪಿಯವರೇ ಕಲಿಸಿದರು. ನಾಲ್ಕನೆಯ ತಿಂಗಳಿಗೆ, ಅಡಿಕೆ ಸುಲಿಯುವ ದೂಳಿನಲ್ಲಿ ಕೂತಿದ್ದಾಗ, ಅದು ಕೈಗೂಡಿತು.

ಉಳಿದ ಎರಡು ಉಡುಪುಗಳನ್ನು ಈಗ ಹುಲ್ಲು ಹೊರುವ ದಿನ ಮತ್ತು ನೆಗಡಿಯಾದಾಗ ಮಾತ್ರ ಹಾಕುತ್ತೇನೆ. ಕೊಳ್ಳುವವರು ಸೊಂಟದ ಅಳತೆಯ ಜೊತೆ ತೊಡೆಯ ಸುತ್ತಳತೆಯನ್ನೂ ನೋಡಿ ತರಿಸಬೇಕು, ಏಕೆಂದರೆ ಅಲ್ಲಿ ಸಡಿಲವಾದರೆ ಎಷ್ಟು ಪದರಗಳಿದ್ದರೂ ಬದಿಯಿಂದ ಸೋರುತ್ತದೆ.